ಕರಿಬೇವಿನ ಗಿಡದಲ್ಲೇ ಕೀಟ ಪಾಠ: ಒಂದು ಅಧ್ಯಯನ ಟಿಪ್ಪಣಿ

ಮಕ್ಕಳಿಗೆ ಕೀಟ ತೋರಿಸಬೇಕು ಅಂದ ಕೂಡಲೇ ಬನ್ನೇರುಘಟ್ಟದ ಚಿಟ್ಟೆ ಉದ್ಯಾನ ನೆನಪಾಗುತ್ತದೆ. ಹೋಗಿಬನ್ನಿ, ತಪ್ಪೇನಿಲ್ಲ. ಆದರೆ ಒಂದು ಕೀಟದ ಇಡೀ ಬದುಕು ನೋಡಲು ಹಿತ್ತಲಿನ ಕರಿಬೇವೇ ವಾಸಿ. ಬಾಲ್ಕನಿಯ ಕುಂಡದಲ್ಲಿದ್ದರೂ ನಡೆದೀತು. ಕರಿಬೇವು ನಿಂಬೆ ಕುಟುಂಬದ ಗಿಡ. ಲೈಮ್ ಬಟರ್‌ಫ್ಲೈ, ಕಾಮನ್ ಮಾರ್ಮನ್ ಎಂಬ ಚಿಟ್ಟೆಗಳು ಈ ಕುಟುಂಬವನ್ನೇ ಹುಡುಕಿಕೊಂಡು ಬರುತ್ತವೆ. ಹೆಣ್ಣು ಚಿಟ್ಟೆ ಮುಂಗಾಲಿನಿಂದ ಎಲೆ ಬಡಿದು ರುಚಿ ನೋಡುತ್ತದೆ. ಗಿಡ ಸರಿಯಾದದ್ದೇ ಎಂದು ಖಾತ್ರಿಯಾದರೆ ಚಿಗುರಿನ ಮೇಲೆ ಒಂದೊಂದಾಗಿ ಮೊಟ್ಟೆ ಇಡುತ್ತದೆ. ಮೊಟ್ಟೆ ತಿಳಿಹಳದಿ, ಗುಂಡಗೆ, ಸುಮಾರು 1 ಮಿ.ಮೀ.

ಮರಿಹುಳು ಮೊದಮೊದಲು ಥೇಟ್ ಹಕ್ಕಿಯ ಹಿಕ್ಕೆ. ತಿನ್ನಲು ಬಂದ ಹಕ್ಕಿ ಮೋಸಹೋಗಲಿ ಎಂದೇ ಈ ವೇಷ. ನಾಲ್ಕು ಸಲ ಪೊರೆ ಬಿಟ್ಟ ಮೇಲೆ ಎಲೆಹಸಿರು ಬಣ್ಣಕ್ಕೆ ತಿರುಗುತ್ತದೆ. ಆಗ ಕಡ್ಡಿಯಿಂದ ಮೆಲ್ಲಗೆ ತಾಗಿಸಿದರೆ ತಲೆಯ ಹಿಂದಿನಿಂದ ಕೆಂಪು ಕವಲೊಂದು ಚಿಮ್ಮಿ ಘಾಟು ವಾಸನೆ ಬರುತ್ತದೆ. ಮಕ್ಕಳಿಗೆ ಇದನ್ನು ಮತ್ತೆ ಮತ್ತೆ ಮಾಡುವ ಆಸೆ. ಒಂದು ಸಲ ಸಾಕು, ಅದಕ್ಕೂ ಜೀವವಿದೆ. (ಮೈತುಂಬ ಕೂದಲಿರುವ ಕಂಬಳಿಹುಳುವಿನ ತಂಟೆಗೆ ಮಾತ್ರ ಹೋಗಬಾರದು, ತುರಿಕೆ ಗ್ಯಾರಂಟಿ.)

ಇಲ್ಲೊಂದು ಪ್ರಶ್ನೆ ಬಂದೇ ಬರುತ್ತದೆ: "ಕೀಟಕ್ಕೆ ಆರೇ ಕಾಲು ಅಂದ್ರಿ, ಇದಕ್ಯಾಕೆ ಇಷ್ಟೊಂದು?" ಉತ್ತರ ಹೇಳದೆ ಲೆನ್ಸ್ ಕೊಟ್ಟು ಎಣಿಸಲು ಬಿಡಿ. ತಲೆಯ ಹಿಂದೆ, ಎದೆಭಾಗದಲ್ಲಿ ಚೂಪಾದ 3 ಜೊತೆ ಕಾಲುಗಳಿವೆ. ನಿಜವಾದ ಕಾಲು ಇವೇ. ಚಿಟ್ಟೆಗೂ ಇರುವುದು ಇಷ್ಟೇ. ಹಿಂದಿನ 5 ಜೊತೆ ಮೆತ್ತನೆಯ ಹುಸಿಗಾಲುಗಳು. ಅವುಗಳ ಅಂಗಾಲಲ್ಲಿರುವ ಸಣ್ಣ ಕೊಕ್ಕೆಗಳು ಎಲೆ, ಕಡ್ಡಿಯನ್ನು ಬಿಗಿಯಾಗಿ ಹಿಡಿಯುತ್ತವೆ. ಚಿಟ್ಟೆಯಾಗುವಷ್ಟರಲ್ಲಿ ಹುಸಿಗಾಲು ಮಾಯ. ಪರೀಕ್ಷೆಯಲ್ಲಿ 'ಕೀಟದ ಲಕ್ಷಣಗಳು' ಬರೆಯುವ ನಾವೂ ಇದನ್ನೊಮ್ಮೆ ಎಣಿಸಿ ನೋಡುವುದು ಒಳ್ಳೆಯದು.

ಬೆಳೆದ ಹುಳು ಚಿಟ್ಟೆಯಾಗುವ ಮುನ್ನ ಕೋಶವಾಗುತ್ತದೆ (ಪ್ಯೂಪಾ). ಈ ಕೋಶ ತನ್ನ ಸೊಂಟಕ್ಕೊಂದು ರೇಷ್ಮೆ ಎಳೆ ಕಟ್ಟಿಕೊಂಡು ಕಡ್ಡಿಗೆ ಆನಿಕೊಂಡಿರುತ್ತದೆ. ಸುತ್ತಲಿನ ಜಾಗ ನೋಡಿಕೊಂಡು ಅದರ ಬಣ್ಣ ಹಸಿರೋ ಕಂದೋ ಆಗುತ್ತದೆ. ಕೆಲವೊಮ್ಮೆ ಅದರಿಂದ ಚಿಟ್ಟೆಯೇ ಬರುವುದಿಲ್ಲ. ಸಣ್ಣ ತೂತು ಬಿದ್ದು ಪುಟಾಣಿ ಪರಾವಲಂಬಿ ಕಣಜಗಳು (ಒಳಗಿದ್ದು ಅದನ್ನೇ ತಿಂದು ಬೆಳೆದವು) ಹೊರಬರುತ್ತವೆ. ಮಕ್ಕಳು ಮುಖ ಸಪ್ಪಗೆ ಮಾಡಿದರೂ ಮುಚ್ಚಿಡಬೇಡಿ. ಒಗ್ಗರಣೆಗೆ ನಾಲ್ಕೆಲೆ ಉಳಿಯುವುದರಲ್ಲಿ ಈ ಕಣಜಗಳ ಪಾಲೂ ಇದೆ ಎಂದರೆ ಅಡುಗೆಮನೆಯವರೂ ಕಿವಿಗೊಡುತ್ತಾರೆ.

ಡಬ್ಬಿಯಲ್ಲಿ ಸಾಕುವುದಾದರೆ ಹುಳು ಸಿಕ್ಕ ಗಿಡದ ಎಲೆಯನ್ನೇ ದಿನಾ ಹಾಕಿ. ಮಾರ್ಕೆಟ್ಟಿನ ಕರಿಬೇವು ಬೇಡ. ಅದಕ್ಕೆ ಔಷಧಿ ಹೊಡೆದಿದ್ದರೆ ಹುಳು ಉಳಿಯುವುದಿಲ್ಲ.