ಕಮಲ ಹೋಗಿ ಗೆರೆ ಬಂತು: ಹಳೇ ಡಿಬಿಎಫ್ ಫೈಲಿನ ಕನ್ನಡಕ್ಕೆ ಏನಾಯಿತು?

ಕೆಲವು ವರ್ಷಗಳ ಹಿಂದೆ ಒಂದು ಸೊಸೈಟಿಯವರು ಹಳೇ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ತಂದುಕೊಟ್ಟರು. ಅದರಲ್ಲಿ ಫಾಕ್ಸ್‌ಪ್ರೋ ಅನ್ನುವ ಹಳೇ ಡೇಟಾಬೇಸ್ ಪ್ರೋಗ್ರಾಂನಲ್ಲಿ ಮಾಡಿದ ಸದಸ್ಯರ ಪಟ್ಟಿ ಇತ್ತು, ಡಿಬಿಎಫ್ ಅನ್ನುವ ಬಗೆಯ ಫೈಲಿನಲ್ಲಿ. ಫೈಲ್ ತೆರೆಯಿತು. ಖಾತೆ ನಂಬರ್ ಸರಿ, ಷೇರು ಹಣ ಸರಿ, ತಾರೀಕೂ ಸರಿ. ಹೆಸರಿನ ಕಾಲಂನಲ್ಲಿ ಮಾತ್ರ ಒಂದು ಕನ್ನಡ ಅಕ್ಷರವೂ ಇಲ್ಲ. ಹೆಚ್ಚಾಗಿ ಉದ್ದ ಗೆರೆ, ಅಡ್ಡ ಗೆರೆ, ಮೂಲೆ ಗೆರೆ. "ಫೈಲ್ ಕೆಟ್ಟೋಗಿದೆ ಅಲ್ವಾ?" ಅಂದರು ಸೆಕ್ರೆಟರಿ.

ಕೆಟ್ಟಿರಲಿಲ್ಲ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಡಿಬಿಎಫ್ ಫೈಲ್ ಹುಟ್ಟಿದ್ದು ಅಮೆರಿಕದಲ್ಲಿ. ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬ್‌ನಲ್ಲಿದ್ದ ವೇಯ್ನ್ ರ್ಯಾಟ್‌ಲಿಫ್ 1970ರ ದಶಕದ ಕೊನೆಯಲ್ಲಿ ವಲ್ಕನ್ ಅನ್ನುವ ಪ್ರೋಗ್ರಾಂ ಬರೆದರು. ಆಮೇಲೆ ಆಷ್ಟನ್-ಟೇಟ್ ಕಂಪನಿ ಅದನ್ನೇ ಡಿಬೇಸ್ 2 ಅಂತ ಮಾರಿತು. 1984ರಲ್ಲಿ ಡಿಬೇಸ್ 3 ಬಂತು. ಕ್ಲಿಪ್ಪರ್, ಫಾಕ್ಸ್‌ಪ್ರೋ ಎಲ್ಲ ಇದೇ ಸಾಲಿನವು. 1992ರಲ್ಲಿ ಫಾಕ್ಸ್ ಕಂಪನಿಯನ್ನು ಮೈಕ್ರೋಸಾಫ್ಟ್ ಕೊಂಡಿತು. ಕೊನೆಯ ವಿಷುಯಲ್ ಫಾಕ್ಸ್‌ಪ್ರೋಗೆ 2015ರ ಜನವರಿವರೆಗೆ ಬೆಂಬಲ ಇತ್ತು.

ಈ ಫೈಲಿನ ಒಳಗಿನ ಕಟ್ಟು ತುಂಬಾ ಸರಳ, ಅದಕ್ಕೇ ಇನ್ನೂ ಬದುಕಿದೆ. ತಲೆಯಲ್ಲಿ, ಅಂದರೆ ಫೈಲಿನ ಶುರುವಿನಲ್ಲಿ, 32 ಬೈಟ್ (ಒಂದು ಬೈಟ್ ಅಂದರೆ 0ಯಿಂದ 255ರವರೆಗಿನ ಒಂದು ನಂಬರ್ ಹಿಡಿಯುವ ಜಾಗ). ಎಷ್ಟು ದಾಖಲೆ ಇದೆ, ತಲೆಯ ಉದ್ದ ಎಷ್ಟು, ಒಂದೊಂದು ದಾಖಲೆಯ ಉದ್ದ ಎಷ್ಟು ಅನ್ನುವುದು ಅಲ್ಲೇ ಇರುತ್ತದೆ. ಆಮೇಲೆ ಒಂದೊಂದು ಕಾಲಂಗೂ 32 ಬೈಟ್ ವಿವರ, ಇದೂ ತಲೆಯ ಉದ್ದಕ್ಕೇ ಸೇರುತ್ತದೆ. ಅದಾದ ಮೇಲೆ ದಾಖಲೆಗಳು ಸಾಲಾಗಿ. ಎಂಟ್ರಿ ಮಾಡುವಾಗ ಕರೆಂಟ್ ಹೋದರೆ ಕೆಲವು ಸಲ ದಾಖಲೆ ಡಿಸ್ಕ್‌ಗೆ ಹೋಗಿರುತ್ತದೆ, ತಲೆಯಲ್ಲಿರುವ ಲೆಕ್ಕ ಮಾತ್ರ ಹಳೆಯದೇ ಉಳಿಯುತ್ತದೆ. ಆಗ ಫೈಲ್ ತೆರೆಯುವುದಿಲ್ಲ, ಇಲ್ಲವೇ ಕೊನೆಯ ಎಂಟ್ರಿಗಳು ಕಾಣುವುದಿಲ್ಲ. ಮೊದಲು ಒಂದು ಕಾಪಿ ಮಾಡಿಕೊಳ್ಳಿ. ಫೈಲಿನ ಒಟ್ಟು ಗಾತ್ರದಲ್ಲಿ ತಲೆಯ ಉದ್ದ ಕಳೆಯಿರಿ, ಉಳಿದಿದ್ದನ್ನು ದಾಖಲೆಯ ಉದ್ದದಿಂದ ಭಾಗಿಸಿ. ನಿಜವಾದ ಲೆಕ್ಕ ಸಿಗುತ್ತದೆ. ಅದನ್ನು ತಲೆಯಲ್ಲಿ ತಿದ್ದಿ, ಇಂಡೆಕ್ಸ್ (ದಾಖಲೆ ಬೇಗ ಹುಡುಕುವ ಪಟ್ಟಿ) ಹೊಸದಾಗಿ ಕಟ್ಟಿದರೆ ಎಷ್ಟೋ ಸಲ ಅಷ್ಟೇ ಸಾಕು.

ಆದರೆ ಡಿಬೇಸ್ 3ರ ಕಾಲದಲ್ಲಿ ಒಂದು ವಿಷಯಕ್ಕೆ ಫೈಲಿನಲ್ಲಿ ಜಾಗವೇ ಇರಲಿಲ್ಲ. ಒಳಗಿರುವ ಅಕ್ಷರ ಯಾವ ಲಿಪಿಯದು? ಅದನ್ನು ಬೇರೆ ಯಾರೋ ನೆನಪಿಟ್ಟುಕೊಳ್ಳಬೇಕಿತ್ತು.

ನಮ್ಮಲ್ಲಿ ಅದನ್ನು ನೆನಪಿಟ್ಟುಕೊಂಡಿದ್ದು ಒಂದು ಕಾರ್ಡ್. ಕಾನ್ಪುರದ ಐಐಟಿಯಲ್ಲಿ 1980ರ ದಶಕದಲ್ಲಿ ಶುರುವಾದ ಕೆಲಸ, ಆಮೇಲೆ ಪುಣೆಯ ಸಿ-ಡ್ಯಾಕ್‌ನಲ್ಲಿ ಜಿಸ್ಟ್ ಕಾರ್ಡ್ ಆಗಿ ಬೆಳೆಯಿತು. ಅದನ್ನು ಕಂಪ್ಯೂಟರಿನೊಳಗೆ ಸಿಕ್ಕಿಸಿದರೆ ಇಂಗ್ಲಿಷ್‌ಗೆ ಅಂತ ಬರೆದ ಡಾಸ್ (ವಿಂಡೋಸ್‌ಗಿಂತ ಹಿಂದಿನ ವ್ಯವಸ್ಥೆ) ಪ್ರೋಗ್ರಾಂ ಕೂಡ ಕನ್ನಡ ತೋರಿಸುತ್ತಿತ್ತು. ಭಾರತದ ಲಿಪಿಗಳಿಗೆ ಇಸ್ಕಿ ಅನ್ನುವ ಕೋಡ್ ಇತ್ತು. 1991ರಲ್ಲಿ ಅದು ಭಾರತೀಯ ಮಾನಕವಾಯಿತು. ಅದರಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್. ಹಿಂದಿಯ 'ಕ'ಗೂ ಕನ್ನಡದ 'ಕ'ಗೂ ಒಂದೇ ನಂಬರ್.

ಪಟ್ಟಿಯಲ್ಲಿದ್ದ 'ಕಮಲ' ಅನ್ನುವ ಹೆಸರನ್ನೇ ನೋಡೋಣ. ಇಸ್ಕಿಯಲ್ಲಿ ಕ ಅಂದರೆ 179, ಮ ಅಂದರೆ 204, ಲ ಅಂದರೆ 209. ಫೈಲಿನಲ್ಲಿ ಇರುವುದು ಈ ಮೂರು ನಂಬರ್ ಮಾತ್ರ. ಕಾರ್ಡ್ ಇದ್ದಾಗ 'ಕಮಲ' ಕಾಣುತ್ತದೆ. ಕಾರ್ಡ್ ಇಲ್ಲದ ಮಾಮೂಲಿ ಡಾಸ್ ಪರದೆಯಲ್ಲಿ ಈ ನಂಬರ್‌ಗಳಿಗೆ ಇರುವುದು ಟೇಬಲ್ ಹಾಕುವ ಗೆರೆಗಳು. ಸೆಕ್ರೆಟರಿ ನೋಡಿದ್ದು ಅದನ್ನೇ.

ಇದೇ ಹೆಸರು ಸರ್ವರ್‌ನಿಂದ ಟರ್ಮಿನಲ್‌ಗೆ (ಸರ್ವರ್‌ಗೆ ಜೋಡಿಸಿದ ಪರದೆ, ಕೀಲಿಮಣೆ) ಹೋದರೆ ಇನ್ನೊಂದು ಥರ ಆಗುತ್ತದೆ. 1978ರಲ್ಲಿ ಡಿಇಸಿ ಕಂಪನಿ ತಂದ ವಿಟಿ100 ಟರ್ಮಿನಲ್‌ನಲ್ಲಿ ಸಾಲಿಗೆ 80 ಅಕ್ಷರ, ಪರದೆಗೆ 24 ಸಾಲು. ಇವತ್ತಿನ ಎಮ್ಯುಲೇಟರ್‌ಗಳು (ಟರ್ಮಿನಲ್‌ನಂತೆ ನಡೆದುಕೊಳ್ಳುವ ಪ್ರೋಗ್ರಾಂಗಳು) ಇನ್ನೂ ಅದರ ನಡೆಯನ್ನೇ ಅನುಸರಿಸುತ್ತವೆ. ಒಂದು ಬೈಟ್ ಅಂದರೆ 8 ಬಿಟ್. ಸರ್ವರ್‌ನಿಂದ ಬರುವ ಲೈನ್ 7 ಬಿಟ್‌ಗೆ ಸೆಟ್ ಆಗಿದ್ದರೆ ಪ್ರತಿ ನಂಬರಿನಿಂದ 128 ಬಿದ್ದುಹೋಗುತ್ತದೆ. 179 ಹೋಗಿ 51, 204 ಹೋಗಿ 76, 209 ಹೋಗಿ 81. ಪರದೆ ಮೇಲೆ ಕಾಣುವುದು ಅಂಕಿ 3, ಇಂಗ್ಲಿಷಿನ ಎಲ್, ಕ್ಯೂ. ಸೆಟ್ಟಿಂಗ್ ಅನ್ನು 8 ಬಿಟ್, ನೋ ಪ್ಯಾರಿಟಿ (ತಪ್ಪು ಹಿಡಿಯುವ ಹೆಚ್ಚುವರಿ ಬಿಟ್ ಬೇಡ) ಮಾಡಿದರೆ ನಂಬರ್ ಪೂರ್ತಿ ಬರುತ್ತದೆ.

ಆಗ ಪ್ರಿಂಟರ್ ಕೂಡ ಎಷ್ಟೋ ಕಡೆ ಟರ್ಮಿನಲ್ ಹಿಂದೆಯೇ ನೇತಾಡುತ್ತಿತ್ತು. 'ಇಲ್ಲಿಂದ ಪ್ರಿಂಟರಿಗೆ ಕಳಿಸು', 'ಇಲ್ಲಿಗೆ ನಿಲ್ಲಿಸು' ಅಂತ ಸರ್ವರ್ ಎರಡು ಗುಟ್ಟಿನ ಆದೇಶ ಕಳಿಸುತ್ತಿತ್ತು. ಎರಡನೆಯದು ದಾರಿಯಲ್ಲಿ ಕಳೆದುಹೋದರೆ ಆಮೇಲಿನದೆಲ್ಲ ಪ್ರಿಂಟರಿಗೇ ಹೋಗುತ್ತದೆ, ಪರದೆ ಸುಮ್ನೆ ನಿಂತುಬಿಡುತ್ತದೆ. ಜನ ಸರ್ವರ್ ಹ್ಯಾಂಗ್ ಆಯಿತು ಅಂದುಕೊಳ್ಳುತ್ತಾರೆ. ಪುಟ್ಟಿ (PuTTY) ಅನ್ನುವಂಥ ಎಮ್ಯುಲೇಟರ್‌ನಲ್ಲೂ ಈ ಪ್ರಿಂಟಿಗೆ ಬೇರೆಯೇ ಸೆಟ್ಟಿಂಗ್ ಇದೆ. ಅಲ್ಲಿ ಪ್ರಿಂಟರ್ ಆರಿಸದಿದ್ದರೆ ಕಾಗದ ಅಲ್ಲಾಡುವುದೇ ಇಲ್ಲ.

ಪ್ರಿಂಟರ್ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ಎಪ್ಸನ್ ಡಾಟ್ ಮ್ಯಾಟ್ರಿಕ್ಸ್‌ಗಳಲ್ಲಿ (ಪಿನ್‌ಗಳಿಂದ ಚುಕ್ಕಿ ಹೊಡೆಯುವ ಪ್ರಿಂಟರ್) ಒಂದು ಇಟಾಲಿಕ್ ಅಕ್ಷರಪಟ್ಟಿ ಇರುತ್ತದೆ. ಅದು ಸೆಟ್ ಆಗಿದ್ದರೆ 128ರ ಮೇಲಿನ ನಂಬರ್‌ಗಳಿಗೆ ಮಾಮೂಲಿ ಇಂಗ್ಲಿಷ್ ಅಕ್ಷರಗಳನ್ನೇ ಓರೆಯಾಗಿ ಹೊಡೆಯುತ್ತದೆ. ಅಂದರೆ ನಮ್ಮ 'ಕಮಲ' ಕಾಗದದ ಮೇಲೆ ಓರೆಯಾದ 3, ಎಲ್, ಕ್ಯೂ! ಗ್ರಾಫಿಕ್ಸ್ ಪಟ್ಟಿಗೆ ಬದಲಾಯಿಸಿದರೆ ಮತ್ತೆ ಅದೇ ಗೆರೆಗಳು. ಕನ್ನಡ ಬೇಕಾದರೆ ಅಕ್ಷರವನ್ನು ಚಿತ್ರದಂತೆ ಚುಕ್ಕಿ ಚುಕ್ಕಿಯಾಗಿ ಕಳಿಸಬೇಕು. ಹಾಗೆ ಕಳಿಸುವಾಗ ನಿಧಾನ ಆಗುತ್ತದೆ. ಒತ್ತಕ್ಷರ ಸ್ಪಷ್ಟವಾಗಿ ಬರಬೇಕಾದರೆ 9 ಪಿನ್‌ಗಿಂತ 24 ಪಿನ್ ಪ್ರಿಂಟರ್ ಎಷ್ಟೋ ವಾಸಿ.

ಇನ್ನು ಹಳೇ ಪ್ರೋಗ್ರಾಂ ಹುಡುಕುವುದು ಎಲ್‌ಪಿಟಿ1 ಪೋರ್ಟನ್ನು, ಅಂದರೆ ಹಳೇ ಕಂಪ್ಯೂಟರಿನಲ್ಲಿ ಪ್ರಿಂಟರ್ ಸಿಕ್ಕಿಸುತ್ತಿದ್ದ ಜಾಗವನ್ನು. ಯುಎಸ್‌ಬಿ ಪ್ರಿಂಟರಿಗೆ ಆ ಹೆಸರೇ ಇಲ್ಲ. ವಿಂಡೋಸ್‌ನಲ್ಲಿ ಪ್ರಿಂಟರನ್ನು ಷೇರ್ ಮಾಡಿ, ನೆಟ್ ಯೂಸ್ ಆದೇಶದಿಂದ ಎಲ್‌ಪಿಟಿ1ಕ್ಕೆ ಜೋಡಿಸಬಹುದು. 64 ಬಿಟ್ ವಿಂಡೋಸ್‌ನಲ್ಲಿ ಡಾಸ್ ಪ್ರೋಗ್ರಾಂ ನೇರವಾಗಿ ಓಡುವುದೇ ಇಲ್ಲ, ಅದಕ್ಕೆ ಡಾಸ್‌ಬಾಕ್ಸ್-ಎಕ್ಸ್ ಥರದ, ಡಾಸ್‌ನಂತೆ ನಡೆದುಕೊಳ್ಳುವ ಪ್ರೋಗ್ರಾಂ ಬೇಕು.

ಸೊಸೈಟಿಯ ಪಟ್ಟಿಯನ್ನು ಯೂನಿಕೋಡ್‌ಗೆ, ಅಂದರೆ ಇವತ್ತು ಎಲ್ಲ ಲಿಪಿಗೂ ಬಳಸುವ ಕೋಡ್‌ಗೆ ತಂದೆ. ಯೂನಿಕೋಡ್‌ನ ಕನ್ನಡ ಭಾಗ ಇಸ್ಕಿಯ ಜೋಡಣೆಯನ್ನೇ ಆಧರಿಸಿದ್ದು, ಹಾಗಾಗಿ ಕೆಲಸ ಅಷ್ಟೇನೂ ಕಷ್ಟವಾಗಲಿಲ್ಲ. ಒಂದೇ ತೊಡಕು, ಜಾಗ. ಇಸ್ಕಿಯಲ್ಲಿ 1 ಬೈಟ್ ಹಿಡಿದ ಅಕ್ಷರಕ್ಕೆ ಯುಟಿಎಫ್-8ರಲ್ಲಿ (ಯೂನಿಕೋಡನ್ನು ಫೈಲಿನಲ್ಲಿ ಬರೆದಿಡುವ ಒಂದು ವಿಧಾನ) 3 ಬೈಟ್ ಬೇಕು. 20 ಬೈಟಿನ ಕಾಲಂ 60 ಮಾಡದಿದ್ದರೆ ಹೆಸರು ಅರ್ಧಕ್ಕೇ ಕತ್ತರಿಸಿಹೋಗುತ್ತದೆ. ಆಮೇಲಿನ ವರ್ಷಗಳಲ್ಲಿ ಫಾಂಟ್ ನಂಬಿ ಟೈಪ್ ಮಾಡಿದ ಪಟ್ಟಿಗಳು ಇದಕ್ಕಿಂತ ಜಾಸ್ತಿ ಕಾಡುತ್ತವೆ. ಅವುಗಳಲ್ಲಿ ಇರುವುದು ಅಕ್ಷರದ ಕೋಡ್ ಅಲ್ಲ, ಕಣ್ಣಿಗೆ ಕಾಣುವ ಆಕಾರ. ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ಕೊನೆಯಲ್ಲಿ ಕೂತಿರುತ್ತದೆ, ಅದನ್ನು ಆ ಅಕ್ಷರಕ್ಕಿಂತ ಮೊದಲು ತಂದು ಕೂರಿಸಬೇಕು.

ಬಂದ ಹೆಸರುಗಳು ಸರಿಯೇ ಅಂತ ನೋಡಬೇಕಲ್ಲ? ಸೊಸೈಟಿಯ ಅಟ್ಟದ ಮೇಲೆ ಹಳೇ ಪ್ರಿಂಟಿನ ಒಂದು ಕಟ್ಟು ಸಿಕ್ಕಿತು. ಅಂಚಿನಲ್ಲಿ ತೂತಿರುವ ಉದ್ದನೆಯ ಕಾಗದ, ಕಾರ್ಡ್ ಇದ್ದ ಕಾಲದ್ದು. ರಿಬ್ಬನ್ನಿನ ಮಸಿ ಮಾಸಿತ್ತು, ಚುಕ್ಕಿಗಳನ್ನು ಎಣಿಸಬಹುದಿತ್ತು. ಸೆಕ್ರೆಟರಿ ಅದನ್ನು ನೋಡಿ ಒಂದೊಂದೇ ಹೆಸರು ಓದಿದರು, ನಾನು ಪರದೆ ನೋಡಿ ಗುರುತು ಹಾಕುತ್ತಾ ಹೋದೆ.