ಸ್ತನ ವರ್ಧನೆಯಲ್ಲಿ ಛೇದದ ಜಾಗ: ಮೊದಲ ಪ್ರಶ್ನೆಯೇ ಕೊನೆಯ ತೀರ್ಮಾನ

ಸ್ತನ ವರ್ಧನೆಯ ಶಸ್ತ್ರಚಿಕಿತ್ಸೆಯ ಬಗ್ಗೆ ವಿಚಾರಿಸಲು ಬರುವವರಲ್ಲಿ ಅನೇಕರು ಮೊದಲ ಭೇಟಿಯಲ್ಲೇ ಕೇಳುವುದು ಕಲೆ ಎಲ್ಲಿ ಉಳಿಯುತ್ತದೆ ಎಂದು. ಕಂಕುಳಲ್ಲೇ ಕೊಯ್ಯಬೇಕೆಂದು ಮನೆಯಲ್ಲೇ ನಿರ್ಧರಿಸಿಕೊಂಡು ಬರುವವರೂ ಇದ್ದಾರೆ. ಈ ಕಾಳಜಿ ಸಹಜವಾದದ್ದೇ; ಆದರೂ ಛೇದದ ಜಾಗವನ್ನು ಎಲ್ಲಕ್ಕಿಂತ ಕೊನೆಗೆ ತೀರ್ಮಾನಿಸಬೇಕು ಎಂಬುದು ನನ್ನ ಅಭಿಪ್ರಾಯ. ಸ್ತನದೊಳಗೆ ಇಡುವ ಚೀಲ, ಅಂದರೆ ಇಂಪ್ಲಾಂಟ್, ಸಿಲಿಕೋನ್ ಜೆಲ್ಲಿನದೋ ಸಲೈನಿನದೋ (ಉಪ್ಪುನೀರಿನದೋ), ಗಾತ್ರವೆಷ್ಟು, ಅದು ಕೂರುವುದು ಸ್ತನ ಗ್ರಂಥಿಯ ಹಿಂದೆಯೋ ಎದೆಯ ಸ್ನಾಯುವಿನ ಹಿಂದೆಯೋ ಎಂಬುದೆಲ್ಲ ನಿಶ್ಚಯವಾದ ಮೇಲೆ, ಛೇದಕ್ಕೆ ಉಳಿಯುವ ಆಯ್ಕೆಗಳು ಎಷ್ಟೋ ಸಲ ಒಂದೋ ಎರಡೋ ಮಾತ್ರ.

ಹೆಚ್ಚು ಬಳಕೆಯಲ್ಲಿರುವುದು ಸ್ತನದ ಅಡಿಯ ಮಡಿಕೆಯಲ್ಲಿ ಮಾಡುವ ಛೇದ. ಇಲ್ಲಿಂದ ಇಂಪ್ಲಾಂಟ್ ಇಡುವ ಜಾಗ ನೇರವಾಗಿ ಕಣ್ಣಿಗೆ ಕಾಣುತ್ತದೆ, ರಕ್ತಸ್ರಾವವನ್ನು ನೋಡಿಯೇ ನಿಲ್ಲಿಸಬಹುದು, ಗ್ರಂಥಿಯನ್ನು ಸೀಳಬೇಕಾಗಿಲ್ಲ. ಸಲೈನ್ ಇಂಪ್ಲಾಂಟನ್ನು ಖಾಲಿಯಾಗಿ ಸುತ್ತಿ ಒಳಗಿಟ್ಟು ಆಮೇಲೆ ತುಂಬುವುದರಿಂದ ಅದಕ್ಕೆ ಚಿಕ್ಕ ಛೇದ ಸಾಕು. ಮೊದಲೇ ತುಂಬಿ ಬರುವ ಸಿಲಿಕೋನ್ ಇಂಪ್ಲಾಂಟಿಗೆ ಸಾಮಾನ್ಯವಾಗಿ 4ರಿಂದ 5 ಸೆಂಟಿಮೀಟರ್ ಬೇಕಾಗುತ್ತದೆ. ಕಲೆ ಚಿಕ್ಕದಾಗಲಿ ಎಂದು ಗಟ್ಟಿ ಜೆಲ್ಲಿನ ಇಂಪ್ಲಾಂಟನ್ನು ಕಿರಿದಾದ ಬಾಯಿಯಲ್ಲಿ ಒತ್ತಿ ತುರುಕಿದರೆ ಒಳಗಿನ ಜೆಲ್ ಬಿರುಕು ಬಿಡಬಹುದು, ಛೇದದ ಅಂಚಿನ ಚರ್ಮವೂ ಜಜ್ಜಿಹೋಗಬಹುದು. ಒಂದು ಸೆಂಟಿಮೀಟರ್ ಉಳಿಸಲು ಹೋಗಿ ಕಲೆಯನ್ನೇ ಕೆಡಿಸಿಕೊಂಡಂತಾಗುತ್ತದೆ.

ಈ ದಾರಿಯ ನಿಜವಾದ ಕಷ್ಟ ಬೇರೆಡೆ ಇದೆ. ಇಂಪ್ಲಾಂಟ್ ಕೂತ ಮೇಲೆ ಸ್ತನದ ಕೆಳಭಾಗದ ಚರ್ಮ ಹಿಗ್ಗುತ್ತದೆ. ಮಡಿಕೆಯನ್ನು ಕೆಳಗಿಳಿಸಬೇಕಾದ ಸಂದರ್ಭಗಳೂ ಇವೆ. ಹೀಗಾಗಿ ಛೇದ ಮಾಡಬೇಕಾದದ್ದು ಈಗಿರುವ ಮಡಿಕೆಯಲ್ಲಲ್ಲ, ಮುಂದೆ ಮಡಿಕೆ ಬರಲಿರುವ ಜಾಗದಲ್ಲಿ. ಅದಕ್ಕಾಗಿ ಚರ್ಮವನ್ನು ಎಳೆದು ಹಿಡಿದು ತೊಟ್ಟಿನಿಂದ ಮಡಿಕೆಯವರೆಗಿನ ಅಂತರವನ್ನು ಅಳೆದು, ಇಂಪ್ಲಾಂಟಿನ ಗಾತ್ರದೊಡನೆ ಹೊಂದಿಸಿ ನೋಡಬೇಕು. ಗುರುತನ್ನು ಹಾಕುವುದು ಅರಿವಳಿಕೆಗೆ ಮುನ್ನ, ನಿಂತ ಅಥವಾ ನೇರವಾಗಿ ಕೂತ ಭಂಗಿಯಲ್ಲಿ. ಮಲಗಿದಾಗ ಮಡಿಕೆಯ ಸ್ಥಾನ ಬದಲಾಗುತ್ತದೆ. ಲೆಕ್ಕ ತಪ್ಪಿದರೆ ಕಲೆ ಸ್ತನದ ಮೇಲಕ್ಕೆ ಏರಿ ಕಾಣುತ್ತದೆ, ಇಲ್ಲವೇ ಕೆಳಗಿಳಿದು ಒಳ ಉಡುಪಿನ ಪಟ್ಟಿಯ ಉಜ್ಜಾಟಕ್ಕೆ ಸಿಲುಕುತ್ತದೆ. ಮಡಿಕೆಯೇ ಮೂಡಿರದಷ್ಟು ಚಪ್ಪಟೆಯಾದ ಎದೆಯಲ್ಲಿ ಈ ಅಂದಾಜು ಇನ್ನೂ ಕಠಿಣ.

ತೊಟ್ಟಿನ ಸುತ್ತಲಿನ ಕಪ್ಪು ವೃತ್ತದ ಕೆಳ ಅಂಚಿನಲ್ಲಿ ಛೇದ ಮಾಡಿದರೆ, ಎರಡು ಬಣ್ಣಗಳ ಗಡಿಯಲ್ಲಿ ಕಲೆ ಚೆನ್ನಾಗಿ ಮರೆಯಾಗುತ್ತದೆ. ಆದರೆ ವೃತ್ತ ಚಿಕ್ಕದಾಗಿದ್ದರೆ ಸಿಲಿಕೋನ್ ಇಂಪ್ಲಾಂಟ್ ಹಾಯಲು ಬೇಕಾದಷ್ಟು ಜಾಗವೇ ಸಿಗುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಹಾಲಿನ ನಾಳಗಳಲ್ಲಿ ಸಹಜವಾಗಿಯೇ ಬ್ಯಾಕ್ಟೀರಿಯಾಗಳಿರುತ್ತವೆ. ನಾಳಗಳನ್ನು ದಾಟಿ ಒಳಹೋಗುವ ಇಂಪ್ಲಾಂಟಿನ ಮೇಲೆ ಅವು ತೆಳುವಾದ ಪದರವಾಗಿ ನೆಲೆಯೂರಿದರೆ, ಅದರ ಸುತ್ತ ದೇಹವೇ ಕಟ್ಟಿಕೊಳ್ಳುವ ಪೊರೆ ಬಿಗಿದುಕೊಂಡು ಸ್ತನ ಗಟ್ಟಿಯಾಗುವ ಸಾಧ್ಯತೆ ಹೆಚ್ಚುತ್ತದೆ. ಮುಂದೆ ಮಗುವಿಗೆ ಹಾಲೂಡಿಸಬೇಕೆಂದಿರುವವರು ನಾಳಗಳು ತುಂಡಾಗಬಹುದೆಂಬುದನ್ನೂ ಗಮನಿಸಬೇಕು. ತೊಟ್ಟಿನ ಸ್ಪರ್ಶಜ್ಞಾನ ಹೋಗುತ್ತದೆಂಬ ಭಯಕ್ಕೆ ಮಾತ್ರ ಈ ಛೇದವೊಂದನ್ನೇ ಹೊಣೆ ಮಾಡುವುದು ಸರಿಯಲ್ಲ: ತೊಟ್ಟಿಗೆ ಬರುವ ಮುಖ್ಯ ನರ ನಾಲ್ಕನೆಯ ಪಕ್ಕೆಲುಬಿನ ಅಡಿಯಿಂದ ಹೊರಟು ಸ್ತನದ ಹೊರಬದಿಯಿಂದ ಸಾಗಿಬರುತ್ತದೆ. ಇಂಪ್ಲಾಂಟ್ ದೊಡ್ಡದಾದಷ್ಟೂ, ಜಾಗವನ್ನು ಹೊರಬದಿಗೆ ಬಿಡಿಸಿದಷ್ಟೂ ಆ ನರ ಎಳೆತಕ್ಕೆ ಸಿಗುತ್ತದೆ, ಛೇದ ಎಲ್ಲೇ ಇರಲಿ. ಕೆಳಭಾಗ ಸಂಕುಚಿತವಾಗಿ ಕೊಳವೆಯಾಕಾರ ತಳೆದ ಸ್ತನಗಳಲ್ಲಿ, ಅಥವಾ ಜೋತುಬಿದ್ದ ಸ್ತನವನ್ನು ಜೊತೆಗೇ ಎತ್ತಿ ಕಟ್ಟಬೇಕಾದಾಗ, ನಾನು ಈ ದಾರಿಯನ್ನೇ ಆರಿಸಿಕೊಳ್ಳುತ್ತೇನೆ. ವೃತ್ತದ ಅಂಚಿನಲ್ಲಿ ಅಲ್ಲಿ ಹೇಗೂ ಕೊಯ್ಯಲೇಬೇಕಾಗುತ್ತದೆ.

ಕಂಕುಳಿನ ಛೇದದಿಂದ ಸ್ತನದ ಮೇಲೆ ಕಲೆಯೇ ಇರುವುದಿಲ್ಲ, ಅದರ ಆಕರ್ಷಣೆಯೂ ಅದೇ. ಆದರೆ ಕೆಲಸ ನಡೆಯುವುದು ದೂರದಿಂದ. ಒಳಗನ್ನು ತೋರಿಸುವ ಕ್ಯಾಮೆರಾ ಕೊಳವೆಯಾದ ಎಂಡೋಸ್ಕೋಪಿನ ನೆರವಿಲ್ಲದೆ ಸ್ನಾಯುವಿನ ಕೆಳ ಅಂಚನ್ನು ಸರಿಯಾಗಿ ಬಿಡಿಸುವುದು ಕಷ್ಟ, ಬಿಡಿಸದಿದ್ದರೆ ಇಂಪ್ಲಾಂಟ್ ಮೇಲೇ ನಿಂತುಬಿಡಬಹುದು. ತೋಳಿನ ಒಳಭಾಗ ಕೆಲಕಾಲ ಮರಗಟ್ಟಬಹುದು. ತೋಳಿಲ್ಲದ ಉಡುಪಿನಲ್ಲಿ ಕೈ ಎತ್ತಿದರೆ ಕಾಣುವುದು ಈ ಕಲೆಯೇ ಎಂಬುದನ್ನು ಕೇಳಿದ ಮೇಲೆ ಮನಸ್ಸು ಬದಲಿಸುವವರಿದ್ದಾರೆ. ಹೊಕ್ಕುಳಿನ ಮೂಲಕ ಹೋಗುವ ವಿಧಾನವೂ ಇದೆ, ಅದು ಸಲೈನ್ ಇಂಪ್ಲಾಂಟಿಗೆ ಮಾತ್ರ. ನಾನು ಅದನ್ನು ಸೂಚಿಸುವುದಿಲ್ಲ.

ನನ್ನ ಒಲವು ಮಡಿಕೆಯ ಕಡೆಗಿರಲು ದೊಡ್ಡ ಕಾರಣ ಎರಡನೆಯ ಶಸ್ತ್ರಚಿಕಿತ್ಸೆ. ಇಂಪ್ಲಾಂಟ್ ಜೀವನಪರ್ಯಂತ ಬಾಳುವ ವಸ್ತುವಲ್ಲ. ಒಡೆದರೆ, ಪೊರೆ ಬಿಗಿದರೆ, ಸ್ಥಾನ ತಪ್ಪಿದರೆ ಮತ್ತೆ ಒಳಹೋಗಬೇಕು. ಮಡಿಕೆಯ ಛೇದವಿದ್ದವರಲ್ಲಿ ಅದೇ ಕಲೆಯನ್ನು ತೆರೆದು ಬಹುತೇಕ ಎಲ್ಲವನ್ನೂ ಸರಿಪಡಿಸಬಹುದು. ಕಂಕುಳಿನಿಂದ ಮಾಡಿಸಿಕೊಂಡವರಿಗೆ ಆಗ ಸಾಮಾನ್ಯವಾಗಿ ಸ್ತನದ ಮೇಲೆ ಹೊಸ ಛೇದ ಬೇಕಾಗುತ್ತದೆ, ಅಂದರೆ ಯಾವುದನ್ನು ತಪ್ಪಿಸಲು ಅಷ್ಟು ದೂರದ ದಾರಿ ಹಿಡಿದರೋ ಅದೇ ಕಲೆ ತಡವಾಗಿ ಬರುತ್ತದೆ.

ಕಲೆ ಮಾಗುವುದಕ್ಕೆ ಒಂದರಿಂದ ಒಂದೂವರೆ ವರ್ಷ ಬೇಕು. ಮೊದಲ ತಿಂಗಳುಗಳ ಕೆಂಪನ್ನು ಕಂಡು ಫಲಿತಾಂಶ ಅಳೆಯಬಾರದು. ಗಾಯಗಳು ಉಬ್ಬಿ ಬೆಳೆಯುವ ಕೀಲಾಯ್ಡ್ ಪ್ರವೃತ್ತಿ ನಿಮಗೋ ನಿಮ್ಮ ರಕ್ತಸಂಬಂಧಿಗಳಿಗೋ ಇದ್ದರೆ, ಕಿವಿ ಚುಚ್ಚಿಸಿದ ಜಾಗ ಗಂಟಾದಂಥ ಚಿಕ್ಕ ಸಂಗತಿಯೇ ಆದರೂ, ಅದನ್ನು ಛೇದದ ಜಾಗ ಗೊತ್ತುಪಡಿಸುವ ಮುನ್ನವೇ ನಿಮ್ಮ ಶಸ್ತ್ರವೈದ್ಯರಿಗೆ ತಿಳಿಸಿ. ಅವರ ಕೈ ಯಾವ ದಾರಿಯಲ್ಲಿ ಹೆಚ್ಚು ಪಳಗಿದೆ ಎಂಬುದನ್ನೂ ಸಂಕೋಚವಿಲ್ಲದೆ ಕೇಳಿ.