ಸ್ಕಾಲರ್‌ಶಿಪ್ ‘ಸಂದಾಯವಾಗಿದೆ’ ಅಂತಿದೆ, ಖಾತೆಗೆ ಮಾತ್ರ ಬಂದಿಲ್ಲ!

ಪ್ರಶ್ನೆ: ಮಗಳು ಬಿ.ಕಾಂ. ಎರಡನೇ ವರ್ಷ. ನಾವು ಪರಿಶಿಷ್ಟ ಜಾತಿಯವರು, ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್‌ಗೆ ಎಸ್‌ಎಸ್‌ಪಿಯಲ್ಲಿ (ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜಿ ಹಾಕಿದ್ದೆವು. ಹಣ ಸಂದಾಯವಾಗಿದೆ ಎಂದು ತೋರಿಸುತ್ತಿದೆ. ಮೂರು ಸಲ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿದರೂ ಒಂದು ರೂಪಾಯಿ ಇಲ್ಲ. ಯಾರನ್ನು ಕೇಳಬೇಕು ಸರ್?

ಉತ್ತರ: ಸದ್ಯಕ್ಕೆ ಆ ಪಾಸ್‌ಬುಕ್ ಬದಿಗಿಡಿ. ಕಾಲೇಜಿಗೆ ನೀವು ಯಾವ ಪಾಸ್‌ಬುಕ್ಕಿನ ಜೆರಾಕ್ಸ್ ಕೊಟ್ಟಿರಿ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಸರ್ಕಾರ ದುಡ್ಡು ಕಳಿಸುವುದು ಖಾತೆ ಸಂಖ್ಯೆಗಲ್ಲ, ಮಗಳ ಆಧಾರ್ ಸಂಖ್ಯೆಗೆ. ಯಾವ ಆಧಾರ್ ಯಾವ ಬ್ಯಾಂಕಿಗೆ ಸೇರಿದೆ ಎಂಬ ಪಟ್ಟಿ, ಬ್ಯಾಂಕುಗಳ ನಡುವಿನ ಪಾವತಿ ವ್ಯವಸ್ಥೆ ನಡೆಸುವ ಎನ್‌ಪಿಸಿಐ ಸಂಸ್ಥೆಯ ಬಳಿ ಇರುತ್ತದೆ. ಒಂದು ಆಧಾರಿಗೆ ಅಲ್ಲಿ ಒಂದೇ ಬ್ಯಾಂಕಿನ ಹೆಸರು. ಇರುವ ಖಾತೆಗಳು ನಾಲ್ಕಾದರೂ, ಕೊನೆಯ ಸಲ ಯಾವ ಬ್ಯಾಂಕಿನಲ್ಲಿ ಜೋಡಣೆ ಆಯಿತೋ ಅಲ್ಲಿಗೇ ದುಡ್ಡು.

ನಮ್ಮ ಬೀದಿಯ ಹುಡುಗನೊಬ್ಬನಿಗೆ ಹೀಗೇ ಆಗಿತ್ತು. ಏಳು ತಿಂಗಳು ಅವನು ಕಾಲೇಜು ಆಫೀಸಿಗೂ ಬ್ಯಾಂಕಿಗೂ ಓಡಾಡಿದ. ಕಡೆಗೆ ನೋಡಿದರೆ, ಹಿಂದಿನ ವರ್ಷ ಸಿಮ್ ತಗೊಳ್ಳುವಾಗ ಅಂಗಡಿಯವನು ‘ಇಲ್ಲೊಂದು ಹೆಬ್ಬೆಟ್ಟು ಇಡಪ್ಪ’ ಎಂದಿದ್ದನಂತೆ. ಆ ಹೆಬ್ಬೆಟ್ಟಿಗೆ ಒಂದು ಪೇಮೆಂಟ್ಸ್ ಬ್ಯಾಂಕಿನಲ್ಲಿ ಖಾತೆ ಹುಟ್ಟಿಕೊಂಡಿತ್ತು. ಪಾಸ್‌ಬುಕ್ಕೂ ಇಲ್ಲ, ಎಟಿಎಂ ಕಾರ್ಡೂ ಇಲ್ಲ. ಸ್ಕಾಲರ್‌ಶಿಪ್ ಅಲ್ಲಿ ತಣ್ಣಗೆ ಕೂತಿತ್ತು. ಆ ಹುಡುಗನನ್ನು ದಡ್ಡ ಅಂತ ನಾನು ಹೇಳುವುದಿಲ್ಲ, ಹೆಬ್ಬೆಟ್ಟು ಯಾತಕ್ಕೆ ಅಂತ ಯಾರೂ ಅವನಿಗೆ ಹೇಳಿರಲಿಲ್ಲ.

ಆದ್ದರಿಂದ ಮೊದಲು ಮೊಬೈಲಿನಲ್ಲಿ ‘ಡಿಬಿಟಿ ಕರ್ನಾಟಕ’ ಆ್ಯಪ್ ಹಾಕಿಕೊಂಡು ಮಗಳ ಆಧಾರ್ ಸಂಖ್ಯೆ ಕೊಟ್ಟು ನೋಡಿ. ಯಾವ ಯೋಜನೆಯ ಹಣ ಯಾವತ್ತು ಯಾವ ಬ್ಯಾಂಕಿಗೆ ಹೋಯಿತು ಎಂಬುದು ಅಲ್ಲಿ ಸಿಗುತ್ತದೆ. ಆಧಾರಿನ ವೆಬ್‌ಸೈಟಿನಲ್ಲೂ ಬ್ಯಾಂಕ್ ಜೋಡಣೆಯ ಸ್ಥಿತಿ ನೋಡಬಹುದು. ಎರಡಕ್ಕೂ ಒಟಿಪಿ ಬೇಕು. ಅಲ್ಲೇ ಬಹಳ ಜನ ಸಿಕ್ಕಿಬೀಳುವುದು: ಆಧಾರಿಗೆ ಕೊಟ್ಟ ನಂಬರು ಅಮ್ಮನ ಹಳೇ ಸಿಮ್ಮಿನದು, ಅದಕ್ಕೆ ರೀಚಾರ್ಜ್ ಮಾಡಿಸಿ ಎರಡು ವರ್ಷ ಆಗಿರುತ್ತದೆ. ಹಾಗಿದ್ದರೆ ಆಧಾರ್ ಕೇಂದ್ರಕ್ಕೆ ಹೋಗಿ ನಂಬರು ಬದಲಾಯಿಸುವುದೇ ಮೊದಲ ಕೆಲಸ.

ಬೇರೆ ಬ್ಯಾಂಕಿನ ಹೆಸರು ಬಂತೇ? ಹಣ ಜಮೆಯಾಗಿದ್ದರೆ ಅಲ್ಲಿಂದಲೇ ತೆಗೆದುಕೊಳ್ಳಬೇಕು, ಇಲಾಖೆ ಮತ್ತೊಮ್ಮೆ ಕಳಿಸುವುದಿಲ್ಲ. ಮುಂದಿನ ಕಂತು ನಿಮಗೆ ಬೇಕಾದ ಖಾತೆಗೇ ಬರಬೇಕಾದರೆ ಆ ಖಾತೆ ಇರುವ ಶಾಖೆಗೆ ಮಗಳನ್ನೇ ಕರೆದುಕೊಂಡು ಹೋಗಿ. ಕೌಂಟರಿನಲ್ಲಿ ‘ಆಧಾರ್ ಲಿಂಕ್ ಮಾಡಿ’ ಅನ್ನಬೇಡಿ. ‘ಆಗಲೇ ಲಿಂಕ್ ಆಗಿದೆ’ ಎಂದು ವಾಪಸ್ ಕಳಿಸುತ್ತಾರೆ. ಅವರು ಹೇಳುವುದು ಕೆವೈಸಿಯ ಮಾತು, ಖಾತೆ ತೆರೆಯಲು ಆಧಾರ್ ಕೊಟ್ಟಿದ್ದು. ನಿಮಗೆ ಬೇಕಿರುವುದು ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಆ ಪಟ್ಟಿಯಲ್ಲಿ ಮಗಳ ಆಧಾರಿನ ಮುಂದೆ ಈ ಬ್ಯಾಂಕಿನ ಹೆಸರು ಬರುವಂತೆ ಮಾಡುವುದು. ಆ ಪದವನ್ನೇ ಹೇಳಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿ, ಕೆಲವು ದಿನ ಬಿಟ್ಟು ಆ್ಯಪಿನಲ್ಲಿ ಮತ್ತೆ ನೋಡಿ.

ಇನ್ನೊಂದು ಸಾಧ್ಯತೆ, ಹಣ ತಿರುಗಿ ಹೋಗಿರುವುದು. ಎರಡು ವರ್ಷ ಯಾವ ವಹಿವಾಟೂ ಇಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ. ಅದನ್ನು ಸರಿಪಡಿಸಿಕೊಂಡು ತಾಲ್ಲೂಕಿನ ಸಮಾಜ ಕಲ್ಯಾಣ ಇಲಾಖೆ ಕಚೇರಿಗೆ ಅರ್ಜಿಯ ಪ್ರಿಂಟ್ ಸಮೇತ ತಿಳಿಸಿ.

‘ಬಂತು, ಆದರೆ ಅರ್ಧ ಮಾತ್ರ’ ಎಂದು ಬರೆಯುವವರೂ ಇದ್ದಾರೆ. ಪರಿಶಿಷ್ಟ ಜಾತಿಯವರ ಈ ಸ್ಕಾಲರ್‌ಶಿಪ್ 1944ರಷ್ಟು ಹಳೆಯದು. ಈಗ ಇದರಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ್ದು ಶೇ. 40. ಎರಡೂ ಬೇರೆ ಬೇರೆ ದಿನ ಬೀಳುತ್ತವೆ, ನಡುವೆ ತಿಂಗಳುಗಳೇ ಕಳೆಯಬಹುದು. ಇದು ತಪ್ಪಲ್ಲ, ಆದರೆ ಫೀಸಿನ ಗಡುವು ಹತ್ತಿರ ಬಂದವರ ಸಂಕಟ ಮಂಜೂರು ಮಾಡುವವರಿಗೆ ಕಾಣುವುದಿಲ್ಲ ಎಂಬುದೂ ನಿಜ. ಶುಲ್ಕದ ಮಾತು ಬಿಟ್ಟರೆ, ಕೇಂದ್ರದ ನಿಯಮದಂತೆ ಬಿ.ಕಾಂ.ನಂಥ ಪದವಿಗೆ ವರ್ಷದ ನಿರ್ವಹಣಾ ಭತ್ಯೆ ಹಾಸ್ಟೆಲಿನಲ್ಲಿದ್ದರೆ 6,000 ರೂಪಾಯಿ, ಮನೆಯಿಂದ ಓಡಾಡಿದರೆ 3,000. ದೊಡ್ಡ ಮೊತ್ತ ಕೈಗೆ ಬರುತ್ತದೆಂದು ಸಾಲ ಮಾಡಿಕೊಳ್ಳುವ ಮೊದಲು ಇದು ಗೊತ್ತಿರಲಿ.

ಮಗಳು ಮೂರನೇ ವರ್ಷಕ್ಕೆ ಹೋದಾಗ ಅರ್ಜಿ ಮತ್ತೆ ಹಾಕಬೇಕು. ಕುಟುಂಬದ ಆದಾಯ ವರ್ಷಕ್ಕೆ 2.5 ಲಕ್ಷ ರೂಪಾಯಿ ಮೀರಿರಬಾರದು. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯೇ ಎಂದು ಈಗಲೇ ಬೀರು ತೆಗೆದು ನೋಡಿ. ಮುಗಿದಿದ್ದರೆ ನಾಡಕಚೇರಿಯಲ್ಲಿ ಹೊಸದಕ್ಕೆ ಕೊಡಿ. ಕೊನೆಯ ವಾರ ಅಲ್ಲಿನ ಸಾಲು ಹೇಗಿರುತ್ತದೆಂದು ನಿಮಗೇ ಗೊತ್ತು.